ಐದು ನಿಮಿಷ ಕಾದು ಹೊರಟೆವು

ಆ ಬುಧವಾರವೂ ನಾನೇ ಲೇಟು. ಏಳು ನಿಮಿಷ.

ದುಬೈಯ ದೇರಾದಿಂದ ಅಬುಧಾಬಿಯ ಆಫೀಸಿಗೆ ನಾವು ನಾಲ್ವರು ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಕಾರು ಓಡಿಸುವವರು ನಮ್ಮಲ್ಲಿ ಹಿರಿಯರಾದ ಹಮೀದಾಕ. ಅವರ ಪಕ್ಕ ಕಂಪನಿಯ ಸೇಫ್ಟಿ ಆಫೀಸರ್ ಪ್ರಶಾಂತ. ಹಿಂದೆ ನಾನು ಮತ್ತು ಸ್ಟೋರ್ ನೋಡಿಕೊಳ್ಳುವ ದಿವಾಕರಣ್ಣ. ಬೆಳಿಗ್ಗೆ ಐದೂವರೆಗೆ ದಿವಾಕರಣ್ಣನ ಬಿಲ್ಡಿಂಗಿನ ಕೆಳಗೆ ಸೇರಬೇಕು. ಐದು ನಿಮಿಷ ಕಾಯುವುದು, ಆಮೇಲೆ ಹೊರಡುವುದು. ಈ ರೂಲ್ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದವನು ನಾನೇ. ಹೆಚ್ಚು ಸಲ ಮುರಿದವನೂ ನಾನೇ. (ಕಾನೂನು ಮಾಡುವವರಿಗೆ ಅಷ್ಟಾದರೂ ಸವಲತ್ತು ಬೇಡವೇ?)

ಓಡುತ್ತ ಬಂದಾಗ ದಿವಾಕರಣ್ಣ ಎಂದಿನಂತೆ ಕೂತಿದ್ದರು. ಒಂದು ಕಾಲು ಕಾರಿನೊಳಗೆ, ಇನ್ನೊಂದು ಹೊರಗೆ, ಫುಟ್‌ಪಾತಿನ ಮೇಲೆ. ಬಾಗಿಲು ಮುಚ್ಚದೆ ಹಮೀದಾಕ ಗಾಡಿ ಎತ್ತುವ ಹಾಗಿಲ್ಲ.

"ಕಾಲು ಒಳಗೆ ತಗೊಳ್ಳಿ ದಿವಾಕರಣ್ಣ. ರೂಲ್ ಮಾಡಿದವರು ಅಬುಧಾಬಿಗೆ ನಡ್ಕೊಂಡು ಬರ್ಲಿ," ಎನ್ನುತ್ತಿದ್ದ ಪ್ರಶಾಂತ.

"ಇರು ಮಾರಾಯ. ಅವ ಬೂಟು ಹುಡುಕ್ತಾ ಇರ್ತಾನೆ. ನಂಗೆ ಗೊತ್ತುಂಟು."

ಹೌದು. ಬೂಟನ್ನೇ ಹುಡುಕುತ್ತಿದ್ದೆ.

ಮರುದಿನ ನಾನು ಎಲ್ಲರಿಗಿಂತ ಮೊದಲು ಹಾಜರು. ದಿವಾಕರಣ್ಣ ಮಾತ್ರ ಇಳಿದು ಬಂದಿರಲಿಲ್ಲ. ಹಮೀದಾಕ ಎರಡು ಸಲ ಹಾರ್ನ್ ಹೊಡೆದರು. "ಮೇಲೆ ಹೋಗಿ ಒಮ್ಮೆ ನೋಡುವುದಾ?" ಎಂದು ಕೇಳಿದರು.

ನಾನು ವಾಚು ನೋಡಿದೆ. "ಐದು ನಿಮಿಷ ಆಯ್ತು ಹಮೀದಾಕ. ರೂಲ್ ಅಂದ್ರೆ ರೂಲ್. ಯಲ್ಲಾ, ಹೊರಡಿ."

ನಗುತ್ತಲೇ ಹೇಳಿದೆ. ಒಮ್ಮೆಯಾದರೂ ಅವರನ್ನು ಬಿಟ್ಟು ಹೋಗುವ ಅವಕಾಶ, ಬಿಡುವುದುಂಟೇ? ಆಫೀಸಿಗೆ ಹೋಗಿ, "ಇವತ್ತು ದಿವಾಕರಣ್ಣನಿಗೆ ರೂಲಿನ ರುಚಿ ತೋರಿಸಿದೆ" ಎಂದು ಟೇಬಲ್ಲಿನಿಂದ ಟೇಬಲ್ಲಿಗೆ ಹೇಳಿಕೊಂಡೂ ಬಂದೆ.

ಅವರ ರೂಮು ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಸರಿಯಾಗಿಯೇ ಇತ್ತು.

ನಸುಕಿನಲ್ಲೇ ಡ್ಯೂಟಿಗೆ ಹೋಗಿದ್ದ ರೂಮಿನವರು ಮಧ್ಯಾಹ್ನ ಬಂದು ನೋಡಿದಾಗ ದಿವಾಕರಣ್ಣ ಮಂಚದ ಪಕ್ಕ ಬಿದ್ದಿದ್ದರು. ಜೀವ ಇರಲಿಲ್ಲ. ಆಫೀಸಿನ ಶರ್ಟು ಹಾಕಿ ಆಗಿತ್ತು. ಹೃದಯಾಘಾತ ಎಂದರು ಡಾಕ್ಟರು. ಬೆಳಿಗ್ಗೆಯೇ ಯಾರಾದರೂ ಮೇಲೆ ಹೋಗಿದ್ದರೆ? "ಹೇಳಲಿಕ್ಕಾಗದು" ಎಂದರು.

ಆ ಒಂದು ಮಾತು ಹೊತ್ತುಕೊಂಡು ಎರಡು ತಿಂಗಳಾಯಿತು.

ಸಂತಾಪ ಸಭೆಯಲ್ಲಿ ಪ್ರಶಾಂತ ಕಣ್ಣೊರೆಸಿಕೊಂಡು ಪಿಸುಗುಟ್ಟಿದ: "ನಾವೇನೂ ಮಾಡ್ಲಿಲ್ಲ ಅಲ್ವಾ ಅಣ್ಣ? ಪ್ರೊಸೀಜರ್ ಪ್ರಕಾರವೇ ಹೋದದ್ದು." (ಸೈಟಿನ ಗೋಡೆಗೆ 'ಅಪಾಯ ಕಂಡರೆ ಸುಮ್ಮನಿರಬೇಡಿ' ಎಂದು ಮೂರು ಭಾಷೆಯಲ್ಲಿ ಬೋರ್ಡು ಹಾಕಿಸಿದವನು ಇವನೇ.)

ನನ್ನ ಮಗಳು ಇಲ್ಲಿರುವ ಒಂದು ಬ್ರಿಟಿಷ್ ಯೂನಿವರ್ಸಿಟಿಯ ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್ ಕಾನೂನು ಓದುತ್ತಾಳೆ. ಕಳೆದ ವಾರ ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಆಕ್ಟಸ್ ರಿಯಸ್. ಹಾಗೆಂದರೆ ಅಪರಾಧದಲ್ಲಿನ ಕೃತ್ಯದ ಭಾಗ. ಮನಸ್ಸಿನಲ್ಲಿ ಎಷ್ಟೇ ಕೆಟ್ಟದ್ದಿರಲಿ, ಕೃತ್ಯವಿಲ್ಲದೆ ಅಪರಾಧವಿಲ್ಲ. ಸುಮ್ಮನಿರುವುದು ಸಾಮಾನ್ಯವಾಗಿ ಕೃತ್ಯವೇ ಅಲ್ಲವಂತೆ. ಯಾರದೋ ಮಗು ಮೊಣಕಾಲುದ್ದದ ನೀರಿನಲ್ಲಿ ಮುಳುಗುತ್ತಿದ್ದರೆ ದಡದಲ್ಲಿ ನಿಂತು ಶವರ್ಮಾ ತಿನ್ನುತ್ತಿರಬಹುದು. (ಶವರ್ಮಾ ನಾನು ಸೇರಿಸಿದ್ದು.) ಹೆತ್ತವರಾಗಿದ್ದರೆ, ಕಾಯುವ ಕೆಲಸಕ್ಕೆ ಇದ್ದರೆ, ಜವಾಬ್ದಾರಿಯನ್ನು ತಾವಾಗಿ ವಹಿಸಿಕೊಂಡಿದ್ದರೆ, ಅಪಾಯವನ್ನು ತಾವೇ ತಂದಿಟ್ಟಿದ್ದರೆ ಮಾತು ಬೇರೆ.

"ಕಾರಿನಲ್ಲಿ ಪಕ್ಕ ಕೂರುವವನು?" ಎಂದು ಕೇಳಿದೆ.

ಅವಳು ಪುಸ್ತಕ ಮುಚ್ಚಿದಳು. "ಪಪ್ಪಾ, ದಿವಾಕರ್ ಅಂಕಲ್ ವಿಷಯಾನಾ? ನೋ ಡ್ಯೂಟಿ. ನೀವು ಏನೂ ಮಾಡಿಲ್ಲ."

"ಯಲ್ಲಾ ಅಂದೆನಲ್ಲ? ಬಾಯಿಬಿಟ್ಟು ಹೇಳಿದ್ದು ಕೃತ್ಯ ಅಲ್ವಾ?"

"ಅದರಿಂದಲೇ ಹೋದರು ಅಂತ ಪ್ರೂವ್ ಮಾಡ್ಬೇಕು. ಯಾರಿಂದಲೂ ಆಗಲ್ಲ. ಯೂ ಆರ್ ಸೇಫ್, ಪಪ್ಪಾ."

ಎಂಥ ಒಳ್ಳೆಯ ಕಾನೂನು! ನಮ್ಮ ಫ್ಲಾಟು ಬದುಕಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಪಕ್ಕದ ಮನೆಯ ಬಾಗಿಲಲ್ಲಿ ಮೂರು ದಿನದಿಂದ ಪಾರ್ಸೆಲ್ ಬಿದ್ದಿದ್ದರೆ ನಾವು ಕಾಲು ಎತ್ತಿ ದಾಟುತ್ತೇವೆ. 'ತುಂಬ ಡೀಸೆಂಟ್ ಫ್ಯಾಮಿಲಿ, ಯಾರ ತಂಟೆಗೂ ಹೋಗುವುದಿಲ್ಲ' ಎಂಬುದು ಇಲ್ಲಿ ಸಿಗುವ ಅತಿ ದೊಡ್ಡ ಸರ್ಟಿಫಿಕೇಟು. ನನ್ನ ಬಳಿಯೂ ಅದು ಇದೆ.

ಆದರೆ ಒಂದು ಸಂಶಯ. ಆ ಲೆಕ್ಕದಲ್ಲಿ ದಿವಾಕರಣ್ಣನಿಗೂ ನನ್ನ ವಿಷಯದಲ್ಲಿ ಯಾವ ಡ್ಯೂಟಿಯೂ ಇರಲಿಲ್ಲ. ಮತ್ತೆ ನಾಲ್ಕು ವರ್ಷ ಬೈಸಿಕೊಂಡು ಕಾರು ಹೊರಡದ ಹಾಗೆ ಕೂತದ್ದು ಯಾವ ಕಾನೂನಿನ ಕೆಳಗೆ? ಮಗಳನ್ನು ಕೇಳಲಿಲ್ಲ. ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ.

ನಿನ್ನೆ ಮತ್ತೆ ಬೂಟು ಸಿಗಲಿಲ್ಲ. ಓಡಿ ಹೋಗುವಷ್ಟರಲ್ಲಿ ಐದು ಮೂವತ್ತೇಳು. ಕಾರು ಹೊರಟು ಹೋಗಿತ್ತು. ಯಾರದೂ ತಪ್ಪಲ್ಲ, ರೂಲ್ ನನ್ನದೇ. ಬಾಗಿಲಿನ ಹೊರಗೆ ಇಟ್ಟ ಆ ಒಂದು ಕಾಲು ಇಲ್ಲ, ಅಷ್ಟೆ.