ಅತ್ತೆಯ ಕಡೆಯ ಒಲೆ

ಗೆಳೆಯರೇ, ನನ್ನ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಕೂತವರ ಕಾಲು ಇಂಜಿನ್ನಿನ ಬಿಸಿಗೆ ಬೇಯುತ್ತಿತ್ತು. ನಮ್ಮ ಅತ್ತೆ ಅದಕ್ಕೆ ‘ಒಲಿ’ ಎಂದೇ ಹೆಸರಿಟ್ಟಿದ್ದರು. ಆ ಸಿಟ್ಟಿಗೇ ಕಳೆದ ಭಾನುವಾರ ಇಡೀ ದಿನ ಕಾರಿನೊಳಗೆ ತಲೆಕೆಳಗಾಗಿ, ಕಾಲಿಡುವ ಜಾಗಕ್ಕೆಲ್ಲ ಬಿಸಿ ತಡೆಯುವ ಹಾಳೆ ಅಂಟಿಸಿದೆ.

ಇವತ್ತು ಅತ್ತೆಯನ್ನು ಕುಷ್ಟಗಿಯಿಂದ ಹನುಮಸಾಗರಕ್ಕೆ ಕರೆದೊಯ್ದೆ. ಅರ್ಧ ದಾರಿಯಾದರೂ ಒಂದು ಹೊಗಳಿಕೆಯಿಲ್ಲ. ಕೊನೆಗೆ ನಾನೇ ಕೇಳಿದೆ: “ಅತ್ತಿ, ಈಗ ಕಾಲಿಗಿ ಬಿಸಿ ಹತ್ತಾಕತ್ತಿಲ್ಲ ಅಲ್ರಿ?”

ಅತ್ತೆ ಮೊಣಕಾಲು ನೀವಿಕೊಳ್ಳುತ್ತ ಮೆಲ್ಲಗೆ ಹೇಳಿದರು: “ಛಲೋ ಮಾಡೀರಿ ಬಿಡ್ರಿ. ಆದ್ರ ಈ ಮೊಣಕಾಲಿಗಿ ಆ ಕಾವು ಭಾಳ ಹಿತ ಆಗತಿತ್ತು. ಅದಕ್ಕ ನೋಡ್ರಿ, ಬಸ್ ಬಿಟ್ಟು ನಿಮ್ಮ ಗಾಡ್ಯಾಗ ಬರತಿದ್ದೆ.”

ಮನೆಗೆ ಬಂದವನೇ ಅವರ ಕಡೆಯ ಹಾಳೆ ಕಿತ್ತು ಹಾಕಿದೆ. ಈಗ ನನ್ನ ಕಾರಿನಲ್ಲಿ ಬಲಗಡೆ ಚಳಿಗಾಲ, ಎಡಗಡೆ ಒಲೆ.