ಬಿಲ್ಲೆ ಮೇಡಮ್ಮ

ಕೊಂಗಲಕೊಪ್ಪಲಿನವರು ಮಾಯಮ್ಮನನ್ನು ಎದುರಿಗೆ 'ಮೇಡಮ್ಮೋರೆ' ಎನ್ನುತ್ತಿದ್ದರು, ಬೆನ್ನ ಹಿಂದೆ 'ಬಿಲ್ಲೆ ಮೇಡಮ್ಮ' ಎನ್ನುತ್ತಿದ್ದರು. ಅದು ಪ್ರೀತಿಗೆ ಇಟ್ಟ ಹೆಸರು ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಜಾತಿ ಹಿಡಿದು ಕರೆಯಲು ಕಾನೂನಿನ ಭಯ, ಹೆಸರು ಹಿಡಿದು ಕರೆಯಲು ಮನಸ್ಸಿಲ್ಲ. ನಡುವೆ ಸಿಕ್ಕಿದ್ದು ಈ ಹೆಸರು. ನಾನು ಆ ಊರಿನ ಗೌಡರ ಜಾತಿಯವಳೇ, ಅವರ ನಂಟರಿಷ್ಟರ ಪೈಕಿಯವಳೇ. ಅವರ ಒಳಗು ನನಗೆ ಚೆನ್ನಾಗಿ ಗೊತ್ತು.

ನಾನೂ ಮಾಯಮ್ಮನೂ ಹಾಸನದಲ್ಲಿ ಒಟ್ಟಿಗೆ ಟ್ರೈನಿಂಗ್ ಮುಗಿಸಿದೆವು. ನನಗೆ ಅರಕಲಗೂಡು ಪೇಟೆಯ ಶಾಲೆಯಾಯಿತು, ಅವಳಿಗೆ ಅಲ್ಲಿಂದ ಮೂರು ಮೈಲಿ ದೂರದ ಕೊಂಗಲಕೊಪ್ಪಲಾಯಿತು. ಆ ಊರಿನಲ್ಲಿ ಅವಳಿಗೆ ಬಾಡಿಗೆಗೆ ಒಂದು ಕೋಣೆಯೂ ಹುಟ್ಟಲಿಲ್ಲ. ನನ್ನ ಮನೆಯಲ್ಲೇ ಇರು ಎಂದೆ. ನನ್ನ ಮನೆಯ ಮಾಲೀಕರು ಅವಳದು ಯಾವ ಜನ ಎಂದು ಕೇಳಿದರು. ಮೇಷ್ಟ್ರ ಜನ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ದಿನಾ ಬೆಳಿಗ್ಗೆ ರಾಗಿಮುದ್ದೆ ಉಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟಿ ಅವಳು ಆ ಊರಿಗೆ ನಡೆದು ಹೋಗುತ್ತಿದ್ದಳು.

ಅವಳ ಹುಟ್ಟೂರು ಚನ್ನರಾಯಪಟ್ಟಣದ ಕಡೆ, ನುಗ್ಗೇಹಳ್ಳಿಯ ಹತ್ತಿರದ ಒಂದು ಕೇರಿ. ಅಪ್ಪ ತಮ್ಮಯ್ಯ ಗೌಡರ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವನು. ಮಗಳನ್ನು ಶಾಲೆಗೆ ಸೇರಿಸಿದಾಗ ಮೇಷ್ಟ್ರು ಬೇಡವೆನ್ನಲಿಲ್ಲ, ಹೊರಗೆ ಜಗಲಿಯ ಮೇಲೆ ಕೂರಿಸಿದರು. ಒಳಗಿನ ಮಕ್ಕಳು ಕರಿಹಲಗೆ ನೋಡಿಕೊಂಡು ಕಾಗುಣಿತ ಕೂಗುತ್ತಿದ್ದವು. ಹೊರಗೆ ಕೂತವಳಿಗೆ ಕೂಗು ಕೇಳಿಸುತ್ತಿತ್ತು, ಹಲಗೆ ಕಾಣಿಸುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ಕಾಗುಣಿತವೆಲ್ಲ ಅವಳ ಬಾಯಿಗೆ ಬಂತು. ಆದರೆ 'ಕಿ' ಎಂದು ಬರೆದು ಮುಂದಿಟ್ಟರೆ ಅದು ಯಾವುದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಕೇರಿಯ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ಹೇಳಿ ಮೇಷ್ಟ್ರು ಅವಳನ್ನು ಒಂದನೇ ಕ್ಲಾಸಿನಲ್ಲೇ ಕೊಳೆಹಾಕಿದರು. ಹಲಗೆಯನ್ನು ಬಾಗಿಲ ಕಡೆಗೆ ಒಂದು ಮೊಳ ತಿರುಗಿಸುವ ಯೋಚನೆ ಆ ಮಹಾನುಭಾವನ ತಲೆಗೆ ಬರಲಿಲ್ಲ.

ಹಾಸನದ ಹಾಸ್ಟೆಲಿನಲ್ಲಿ ಅಡುಗೆಗಿದ್ದ ಸೋದರಮಾವ ಸಣ್ಣಯ್ಯ ಒಮ್ಮೆ ರಜಕ್ಕೆ ಬಂದಾಗ ಇದನ್ನು ಕಂಡುಹಿಡಿದ. ಅವಳು ಕುಂಟೆಬಿಲ್ಲೆ ಆಡಲು ಹಾಕಿಕೊಂಡಿದ್ದ ಮನೆಗಳೊಳಗೆ ಇದ್ದಿಲಿನಲ್ಲಿ ಗುಡಿಸು, ಕೊಂಬು, ಏತ್ವ ಎಲ್ಲ ಬರೆದ. ಹೆಂಚಿನ ಚೂರೊಂದರ ಮೇಲೆ 'ಕ' ಬರೆದು ಅವಳ ಕೈಗೆ ಕೊಟ್ಟ. ಬಿಲ್ಲೆ ಬಿದ್ದ ಮನೆಗೆ ಕುಂಟಿಕೊಂಡು ಹೋಗಿ, ಎರಡೂ ಸೇರಿದರೆ ಏನಾಗುತ್ತದೆ ಎಂದು ಕೂಗಬೇಕು. ಗುಡಿಸಿನ ಮನೆಯಲ್ಲಿ 'ಕಿ', ಕೊಂಬಿನ ಮನೆಯಲ್ಲಿ 'ಕು'. ಬಾಯಲ್ಲಿ ಇದ್ದದ್ದು ಅವಳ ಕಣ್ಣಿಗೂ ಕಾಲಿಗೂ ಇಳಿಯಿತು. ಆ ಬೇಸಗೆ ಮುಗಿಯುವಷ್ಟರಲ್ಲಿ ಅವಳು ಬೀಡಿ ಕಟ್ಟಿನ ಕಾಗದದಿಂದ ಹಿಡಿದು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು.

ಕೊಂಗಲಕೊಪ್ಪಲಿಗೆ ಅವಳು ಹೋದದ್ದು ಐವತ್ತೇಳರಲ್ಲಿ. ಅಸ್ಪೃಶ್ಯತೆ ಅಪರಾಧ ಎಂದು ಕಾನೂನಾಗಿ ಎರಡು ವರ್ಷವಾಗಿತ್ತು. ಆದರೂ ಅಲ್ಲಿ ಅದೇ ಜಗಲಿ, ಅದರ ಮೇಲೆ ಅದೇ ಕೇರಿಯ ಮಕ್ಕಳು. ಮಾಯಮ್ಮ ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಒಂದನೇ ಕ್ಲಾಸಿನವರನ್ನೆಲ್ಲ ಎಬ್ಬಿಸಿ ಶಾಲೆಯ ಹಿಂದಿನ ಕಣಕ್ಕೆ ಕರೆದುಕೊಂಡು ಹೋದಳು. ಕಣದಲ್ಲಿ ಒಳಗೆ, ಹೊರಗೆ ಎಂಬುದಿಲ್ಲವಲ್ಲ! ಸುಣ್ಣದಲ್ಲಿ ಮನೆಗಳನ್ನು ಎಳೆದಳು, ಹೆಂಚಿನ ಬಿಲ್ಲೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದಳು. ಮಾವ ಹೇಳಿಕೊಟ್ಟ ಆಟಕ್ಕೆ ತನ್ನದೊಂದು ನಿಯಮವನ್ನೂ ಸೇರಿಸಿದಳು. ಕುಂಟಿ ಬಂದವರು ಬಿಲ್ಲೆಯನ್ನು ಮುಂದಿನವರ ಅಂಗೈಗೆ ಕೊಡಬೇಕು. ಕೊಡದಿದ್ದರೆ ಕೊಡದವರು ಔಟು, ತೆಗೆದುಕೊಳ್ಳದಿದ್ದರೆ ತೆಗೆದುಕೊಳ್ಳದವರು ಔಟು.

ನಾನೊಂದು ದಿನ ರಜ ಹಾಕಿ ಹೋಗಿ ನೋಡಿದೆ. ಕೇರಿಯ ಚಿಕ್ಕಯ್ಯನ ಮಗಳು ಮುದ್ದಮ್ಮ, ಎಲ್ಲರ ಬಾಯಲ್ಲೂ ಮುದ್ದಿ, ಲಂಗ ಮೇಲಕ್ಕೆ ಸಿಕ್ಕಿಸಿಕೊಂಡು ಕುಂಟಿ, "ಮ, ಗುಡಿಸು, ಮಿ! ಮಿಣಿ!" ಎಂದು ಅರಚಿ, ಊರ ಗೌಡ ಗುಂಡಯ್ಯನ ಮೊಮ್ಮಗ ಪುಟ್ಟರಾಜುವಿನ ಕೈಗೆ ಬಿಲ್ಲೆ ಕೊಟ್ಟಳು. ಅವನು ಏತ್ವಕ್ಕೆ ದೀರ್ಘ ಹಾಕಿದ್ದ ಮನೆಗೆ ಎಸೆದು "ಮೇ! ಮೇಕೆ!" ಎಂದು ಕೂಗಿದ. ನನ್ನ ಪೇಟೆ ಶಾಲೆಯ ಮಕ್ಕಳು ಕೈಕಟ್ಟಿ ಕೂತು ಆರು ತಿಂಗಳು ಕೂಗಿದರೂ ಹತ್ತದಿದ್ದದ್ದು ಇವುಗಳಿಗೆ ಬೆವರು ಸುರಿಸಿಕೊಂಡು ನಗುತ್ತಾ ನಗುತ್ತಾ ಹತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಕೆಡಿಸಿದ್ದು ಪುಟ್ಟರಾಜುವಿನ ಸಡಗರ. ಮನೆಗೆ ಓಡಿಹೋಗಿ ಅಜ್ಜಿ ನಂಜಮ್ಮನ ಮುಂದೆ, "ಮುದ್ದಿ ನನ್ ಕೈಗೆ ಬಿಲ್ಲೆ ಕೊಟ್ಲು ಕಣಜ್ಜಿ, ನಾನು ಮೇ ಅಂದೆ!" ಎಂದ. ಮಗು ಓದು ಕಲಿಯಿತು ಎಂಬುದು ಆಕೆಯ ಕಿವಿಗೆ ಬೀಳಲೇ ಇಲ್ಲ. ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ, ಬಟ್ಟೆ ಸಮೇತ ಎರಡು ಕೊಡ ತಣ್ಣೀರು ಸುರಿದಳು.

ಮಾರನೆಯ ದಿನ ಗುಂಡಯ್ಯ ಕಣಕ್ಕೆ ಬಂದ. ಬೈಯಲು ಬಂದವನಲ್ಲ, ದೊಡ್ಡಮನುಷ್ಯ! ನ್ಯಾಯ ಹೇಳಲು ಬಂದ.

"ನೋಡಿ ಮೇಡಮ್ಮೋರೆ, ನಾವೇನ್ ಕಾಲ ತಿಳೀದೋರಲ್ಲ. ಐಕ್ಳು ಒಂದೇ ಸಾಲ್ನಲ್ ನಿಂತ್ಕಳ್ಳಿ, ಆಡ್ಲಿ, ಬ್ಯಾಡ ಅನ್ನಕ್ಕಿಲ್ಲ. ಬಿಲ್ಲೆ ಒಂದು ಕೈಯಿಂದ ಕೈಗೆ ಓಗದು ಬ್ಯಾಡ. ಅವು ನೆಲಕ್ಕಿಡ್ಲಿ. ನಮ್ಮೈಕ್ಳು ವಸಿ ನೀರ್ ಚಿಮುಕ್ಸಿ ತಕ್ಕತವೆ. ಅಷ್ಟೇಯ."

"ನೀರು ಬಿದ್ರೆ ಅಕ್ಷರ ಅಳಿಸಿ ಹೋಗ್ತದೆ ಗೌಡ್ರೆ" ಎಂದಳು ಮಾಯಮ್ಮ.

"ಓದ್ರೆ ಇನ್ನೊಂದು ಬರೀರಿ. ಸರ್ಕಾರ ನಿಮ್ಗೆ ಸಂಬ್ಳ ಕೊಡದು ಇನ್ಯಾತಕ್ಕೆ?"

ಅವಳ ಕೆಲಸ ಇನ್ನೂ ಕಾಯಮ್ಮಾಗಿರಲಿಲ್ಲ. ಇನ್ಸ್‌ಪೆಕ್ಟರು ಬಂದು ಶಾಲೆ ನೋಡಿ ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಇಲ್ಲ. ಗೌಡ ತನ್ನ ಬೀದಿಯ ಮಕ್ಕಳನ್ನು ಬಿಡಿಸಿಬಿಟ್ಟರೆ ಶಾಲೆಯೇ ಮುಚ್ಚಿಹೋಗುತ್ತದೆ. ಅವಳು ಆಗ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಮರುದಿನದಿಂದ ನಂಜಮ್ಮನ ಮನೆಯ ಹಿತ್ತಾಳೆ ಚೊಂಬು ಕಣಕ್ಕೆ ಬಂದು ಕೂತಿತು.

ಇನ್ನು ಆ ಘನಂದಾರಿ ಏರ್ಪಾಟಿನ ಚಂದ ಕೇಳಿ. ಗೌಡರ ಮಕ್ಕಳು ಇಟ್ಟ ಬಿಲ್ಲೆಗೆ ನೀರಿಲ್ಲ, ಅದು ಒಣಗಿಯೇ ಕೇರಿಯ ಮಕ್ಕಳ ಕೈಗೆ ಬರುತ್ತಿತ್ತು, ಅಕ್ಷರ ಸ್ಪಷ್ಟ. ಕೇರಿಯ ಮಕ್ಕಳು ಇಟ್ಟದ್ದಕ್ಕೆ ಮಾತ್ರ ನೀರು. ಅದು ಗೌಡರ ಮಕ್ಕಳ ಕೈಗೆ ಹೋಗುವಷ್ಟರಲ್ಲಿ ಬರಿಯ ಹೆಂಚಿನ ಚೂರು. ಒದ್ದೆ ಹೆಂಚಿಗೆ ಸೀಮೆಸುಣ್ಣ ಹಿಡಿಯುವುದೂ ಇಲ್ಲ. ಪುಟ್ಟರಾಜು ಕೊಂಬಿನ ಮನೆಯಲ್ಲಿ ಒಂಟಿಕಾಲಲ್ಲಿ ನಿಂತು, ನೀರು ತೊಟ್ಟಿಕ್ಕುವ ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನು ಕೂಗಬೇಕೆಂದು ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದ. ತಮ್ಮ ಮಕ್ಕಳ ಅಕ್ಷರವನ್ನು ತಮ್ಮ ಚೊಂಬಿನ ನೀರಿನಿಂದಲೇ ತೊಳೆಯುತ್ತಿದ್ದೇವೆ ಎಂಬುದು ಆ ಬೀದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಡಿ ಉಳಿಯಿತಲ್ಲ, ಸಾಕು!

"ಮೊಳೆ ತಗೊಂಡು ಬಿಲ್ಲೆಗೆ ಅಕ್ಷರ ಕೆತ್ತಿಬಿಡೆ, ನೀರು ಹಾಕಿದರೂ ಹೋಗಲ್ಲ" ಎಂದೆ ನಾನು.

ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಕೆತ್ತುದ್ರೆ ನೀರಾಕೋದು ಸಲೀಸಾಯ್ತದೆ ಜಯಕ್ಕ. ಸಲೀಸು ಮಾಡ್ಕೊಡಾಕೆ ನಾನು ಅಲ್ಲಿಗೋಗ್ತಿಲ್ಲ."

ಹದಿನೈದು ದಿನ ನೋಡಿ ಅವಳೇ ಚೊಂಬನ್ನು ಹಿಡಿದುಕೊಂಡು ಗುಂಡಯ್ಯನ ಮನೆಯ ಮುಂದೆ ಹೋಗಿ ನಿಂತಳು. ನಾಳೆಯಿಂದ ಬಿಲ್ಲೆ ಕೈಯಿಂದ ಕೈಗೇ ಹೋಗುತ್ತದೆ, ಬೇಡವಾದರೆ ಇನ್ಸ್‌ಪೆಕ್ಟರ ಮುಂದೆ ಹೇಳಿ ಎಂದಳು. ಗುಂಡಯ್ಯ ನಕ್ಕ. "ಆಗ್ಲಿ ಬುಡಿ. ಅವ್ರು ಎಂಗೇಳ್ತರೋ ಅಂಗೇ. ಅಲ್ಲೀಗಂಟ ನಮ್ಮೈಕ್ಳ ಬುಡಿಸಕ್ಕಿಲ್ಲ" ಎಂದ. ಮಾಯಮ್ಮ ಹಗುರಾಗಿ ಮನೆಗೆ ಬಂದಳು. ಬರುವವರು ಸರ್ಕಾರದವರು, ಕಾನೂನು ಬಲ್ಲವರು ಎಂಬ ಧೈರ್ಯ ಅವಳಿಗೆ. ನನಗೂ ಇತ್ತು.

ಇನ್ಸ್‌ಪೆಕ್ಟರು ಬರುವ ದಿನ ನಾನು ರಜ ಹಾಕಿ ಅವಳ ಜೊತೆಗೆ ಹೋದೆ. ಖಾದಿ ಜುಬ್ಬದ, ನಗುಮೊಗದ ಮನುಷ್ಯ. ಮಧ್ಯಾಹ್ನದ ಊಟ ಗುಂಡಯ್ಯನ ಮನೆಯಲ್ಲಿ ಎಂದು ಮೊದಲೇ ಗೊತ್ತಾಗಿತ್ತು. ಹೋಳಿಗೆಯ ವಾಸನೆ ಕಣದವರೆಗೂ ಬರುತ್ತಿತ್ತು. ಅವರು ಆಟವನ್ನು ನೋಡಿ ನಿಜಕ್ಕೂ ಖುಷಿಪಟ್ಟರು. ಹಲಗೆಯ ಮೇಲೆ ತಾವೇ ಹೊಸ ಹೊಸ ಪದ ಬರೆದು ಓದಿಸಿದರು. ಗೌಡರ ಮಕ್ಕಳೂ ಓದಿದವು, ಕೇರಿಯ ಮಕ್ಕಳೂ ಓದಿದವು. "ಭೇಷ್! ಈ ಪದ್ಧತಿ ಜಿಲ್ಲೆಗೆಲ್ಲ ಹೋಗಬೇಕು" ಎಂದರು. ಮಾಯಮ್ಮನ ಮುಖ ಅರಳಿತು. ಗುಂಡಯ್ಯ ಕಣದ ಮೇಟಿಕಂಬಕ್ಕೆ ಒರಗಿ ನೋಡುತ್ತಿದ್ದ.

ಇನ್ಸ್‌ಪೆಕ್ಟರಿಗೆ ಇನ್ನೂ ಹುರುಪೇರಿತು. "ನಾನೂ ಒಂದು ಕೈ ಆಡುತ್ತೇನೆ" ಎಂದು ಪಂಚೆ ಎತ್ತಿ ಕಟ್ಟಿ ಮಕ್ಕಳ ಸಾಲಿನಲ್ಲಿ ನಿಂತರು. ಮಕ್ಕಳು ಹೋ ಎಂದವು. ಅವರ ಮುಂದೆ ಇದ್ದವಳು ಮುದ್ದಿ. ಅವಳು ಕುಂಟಿ ಬಂದು, ಏದುಸಿರು ಬಿಡುತ್ತಾ, ಬಿಲ್ಲೆಯಿದ್ದ ಕೈಯನ್ನು ಅವರ ಮುಂದೆ ಚಾಚಿದಳು.

"ಕೆಳಗಿಡು ಮಗೂ, ನಾನೇ ತಗೋತೀನಿ" ಎಂದರು ಇನ್ಸ್‌ಪೆಕ್ಟರು.

ಎಷ್ಟು ಮೆತ್ತಗೆ ಅಂದರು ಅಂತೀರಿ! ಗದರಲಿಲ್ಲ, ಮುಖ ಸಿಂಡರಿಸಲಿಲ್ಲ, ನಗು ಕೂಡ ಹಾಗೇ ಇತ್ತು. ತಾವೇನು ಅಂದೆವು ಎಂಬುದು ಆ ಮನುಷ್ಯನಿಗೆ ತಿಳಿದಿರಲೂ ಇಲ್ಲವೇನೋ. ಗುಂಡಯ್ಯನನ್ನಾದರೂ ನಾನು ಎದುರಿಗೆ ನಿಂತು ಬೈದೇನು, ಈ ನಗುವನ್ನು ಎಲ್ಲಿ ಹಿಡಿದು ಬೈಯುವುದು?

ಮುದ್ದಿ ಬಗ್ಗತೊಡಗಿದಳು.

"ಇಡಬೇಡ ಮುದ್ದಿ" ಎಂದಳು ಮಾಯಮ್ಮ. ಆಮೇಲೆ ಅವರ ಕಡೆಗೆ ತಿರುಗಿ, "ಕೈಗೆ ತಗೊಳ್ಳದಿದ್ರೆ ಔಟು ಸಾರ್. ಆಟದ ನಿಯಮ" ಎಂದಳು.

ಮಕ್ಕಳಿಗೆ ಅಷ್ಟೇ ಬೇಕಾಗಿದ್ದದ್ದು. "ಔಟು! ಔಟು! ಇನ್ಸ್‌ಪೆಕ್ಟ್ರು ಔಟು!" ಎಂದು ಕುಣಿದವು. ಎಲ್ಲರಿಗಿಂತ ಜೋರಾಗಿ ಕೂಗಿದವನು ಪುಟ್ಟರಾಜು. ಇನ್ಸ್‌ಪೆಕ್ಟರ ಕಿವಿ ಕೆಂಪಾಯಿತು. ಒಂದು ಗಳಿಗೆ ಅವರು ಆ ಪುಟ್ಟ ಅಂಗೈಯನ್ನು ನೋಡಿದರು. ಆಮೇಲೆ ಗಡಿಯಾರ ನೋಡಿಕೊಂಡು, ಊಟಕ್ಕೆ ಹೊತ್ತಾಯಿತು ಎಂದು ಪಂಚೆ ಇಳಿಬಿಟ್ಟು ಗುಂಡಯ್ಯನ ಹಿಂದೆ ನಡೆದರು.

ಒಂದು ತಿಂಗಳಿಗೆ ಆರ್ಡರು ಬಂತು. ಪಾಠದ ವೇಳೆಯಲ್ಲಿ ಆಟ ಕೂಡದು. ಮಾಯಮ್ಮನ ಕೆಲಸ ಕಾಯಮ್ಮಿಲ್ಲ, ವರ್ಗ ಚನ್ನರಾಯಪಟ್ಟಣ ತಾಲ್ಲೂಕಿನ ಯಾವುದೋ ಮೂಲೆಗೆ. ಕೊಂಗಲಕೊಪ್ಪಲಿಗೆ ಬಂದ ಹೊಸ ಮೇಷ್ಟ್ರು ಮೊದಲ ದಿನವೇ ಮುದ್ದಿಯನ್ನು ಜಗಲಿಗೆ ಕಳಿಸಿದರು. ಮೂರು ದಿನ ಅಲ್ಲಿ ಕೂತಳಂತೆ. ನಾಲ್ಕನೆಯ ದಿನ ಅವಳ ಅಪ್ಪ ಚಿಕ್ಕಯ್ಯ, "ಒರ್ಗೆ ಕುಂತ್ಕಳಾದಾದ್ರೆ ದನದ್ ಜೊತೆ ಕುಂತ್ಕಳ್ಳಿ, ಒಂದೊರೆ ಉಲ್ಲಾದ್ರೂ ಬತ್ತದೆ" ಎಂದು ಬಿಡಿಸಿದ. ಅವನನ್ನು ಬೈಯುವವರು ಬೈಯಲಿ, ನನಗೆ ಬಾಯಿ ಬರಲಿಲ್ಲ.

ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ ಮಾಯಮ್ಮನನ್ನು ನಾನು ಕೇಳಿಯೇಬಿಟ್ಟೆ. "ಒಂದೇ ಒಂದು ಸಲ ಕೆಳಗಿಡಲಿ ಅಂತ ಬಿಟ್ಟಿದ್ದರೆ ಏನಾಗ್ತಿತ್ತು? ಕೆಲಸ ಕಾಯಮ್ಮಾಗ್ತಿತ್ತು, ಆ ಹುಡುಗಿಯೂ ಶಾಲೇಲಿ ಉಳೀತಿದ್ದಳು."

ಅವಳು ಕೈಯಲ್ಲಿದ್ದ ಸೀರೆಯನ್ನು ಟ್ರಂಕಿಗೆ ಎಸೆದಳು. "ನಮ್ಮವ್ವ ಕೂಲಿ ಈಸ್ಕಳಾಕೆ ಸೆರಗೊಡ್ಡಿ ದೂರ ನಿಂತ್ಕತಿದ್ಲು. ನಮ್ಮಪ್ಪ ಕಾಫಿಗೆ ತೆಂಗಿನ್ ಚಿಪ್ಪು ನೆಲದ ಮ್ಯಾಲೆ ಮಡಗ್ತಿದ್ದ. ಅವ್ರಿಗೆ ಅದ್ನ ಯಾರೂ ಶಾಲೇಲಿ ಕಲುಸ್ಲಿಲ್ಲ ಜಯಕ್ಕ. ಈ ಕೂಸ್ಗೆ ನಾನೇ ನಿಂತು, ಪಾಠ ಅಂತ, ಕೆಳಗಿಡೋದ್ನ ಕಲುಸ್ಬೇಕಾಗಿತ್ತಾ?"

ನಾನು ಅವಳ ಬಟ್ಟೆ ಮಡಿಸಿ ಕೊಡುತ್ತಾ ಕೂತೆ.

ಅವಳ ಕೆಲಸ ಕಾಯಮ್ಮಾಗಲು ಇನ್ನೂ ಆರೇಳು ವರ್ಷ ಹಿಡಿಯಿತು. ಅಷ್ಟರಲ್ಲಿ ಹೊಳೇನರಸೀಪುರದಿಂದ ಹಿಡಿದು ನುಗ್ಗೇಹಳ್ಳಿಯವರೆಗೆ ಎಷ್ಟೋ ಊರು ಸುತ್ತಿದಳು. ಹೋದಲ್ಲೆಲ್ಲ ಬಾಗಿಲು ಹಾಕಿಕೊಂಡಾದರೂ ಅದೇ ಆಟ ಆಡಿಸಿದಳು, ಬಿಲ್ಲೆಯನ್ನು ಕೈಗೇ ಕೊಡಿಸಿದಳು. ನಾಲ್ಕು ಕಡೆ ಬೈಸಿಕೊಂಡಳು, ಒಂದು ಕಡೆ ಕಲ್ಲೇಟು ತಿಂದಳು.

ಅರವತ್ತೆರಡರಲ್ಲಿ ಹಾಸನದಲ್ಲಿ ಮೇಷ್ಟ್ರುಗಳಿಗೆಲ್ಲ ಒಂದು ಶಿಬಿರ ನಡೆಯಿತು. ಹಿಂದಿನ ಬೆಂಚಿನಲ್ಲಿ ನಾನೂ ಮಾಯಮ್ಮನೂ ಪಕ್ಕಪಕ್ಕ ಕೂತಿದ್ದೆವು. ವೇದಿಕೆ ಹತ್ತಿದವರು ಅದೇ ಖಾದಿ ಜುಬ್ಬದವರು, ಈಗ ಇನ್ನೂ ದೊಡ್ಡ ಅಧಿಕಾರಿ. ಎಳೆಯ ಮಕ್ಕಳಿಗೆ ಕಾಗುಣಿತ ಕಲಿಸಲು ತಾವು ಕಂಡುಕೊಂಡ ಹೊಸ ಪದ್ಧತಿ ಎಂದು ಶುರುಮಾಡಿದರು. ನೆಲದ ಮೇಲೆ ಮನೆ ಬರೆಸಿದರು, ಗುಡಿಸು ಕೊಂಬು ಬರೆಸಿದರು, ಹೆಂಚಿನ ಬಿಲ್ಲೆ ತೋರಿಸಿದರು. ಕೊನೆಗೆ, "ಕುಂಟಿ ಬಂದ ಮಗು ಬಿಲ್ಲೆಯನ್ನು ನೆಲದ ಮೇಲೆ ಇಡತಕ್ಕದ್ದು, ಮುಂದಿನ ಮಗು ಅಲ್ಲಿಂದ ಎತ್ತಿಕೊಳ್ಳತಕ್ಕದ್ದು" ಎಂದರು.

ನಾನು ಎದ್ದು ನಿಂತೆ. "ಕೈಗೇ ಯಾಕೆ ಕೊಡಬಾರದು ಸಾರ್?" ಎಂದು ಕೇಳಿದೆ. ನನ್ನ ದನಿ ಕಿರುಚಿದಂತೆ ಬಂತು.

ಅವರು ನನ್ನನ್ನು ನೋಡಿದರು, ಪಕ್ಕದಲ್ಲಿದ್ದ ಮಾಯಮ್ಮನನ್ನೂ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. "ಆರೋಗ್ಯದ ದೃಷ್ಟಿಯಿಂದಮ್ಮ" ಎಂದು ಅದೇ ನಗು ನಕ್ಕರು. ಸಭೆಯಲ್ಲಿದ್ದ ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿ ಅದನ್ನು ಬರೆದುಕೊಂಡರು. ಮಾಯಮ್ಮ ಬರೆದುಕೊಳ್ಳಲಿಲ್ಲ, ಎದ್ದು ಹೊರಗೆ ಹೋದಳು.

ಆ ಆಟ ಈಗ ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿದೆ. ಮಕ್ಕಳು ಚೆನ್ನಾಗಿ ಓದುತ್ತವೆ. ಒಂದೇ ಕೇರಿಯ, ಒಂದೇ ಮನೆಯ ಅಕ್ಕತಂಗಿಯರು ಕೂಡ ಕುಂಟಿ ಬಂದು, ಬಗ್ಗಿ, ಬಿಲ್ಲೆಯನ್ನು ನೆಲಕ್ಕಿಟ್ಟು ಹಿಂದೆ ಸರಿದು ನಿಲ್ಲುತ್ತಾರೆ. ಯಾಕೆ ಹಾಗೆ ಎಂದು ಕೇಳಿದರೆ ಅವರ ಮೇಷ್ಟ್ರಿಗೂ ಗೊತ್ತಿಲ್ಲ, ಆಟವೇ ಹಾಗೆ ಎನ್ನುತ್ತಾರೆ.