ಮೊದಲು ಎಡಕ್ಕೆ ನೋಡಲು ಕಲಿಸಿದವರು

ಬಹರೇನಿನ ಗುಫೂಲ್‌ನ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಮಕ್ಕಳು ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಬರೆದಿದ್ದರು. ಬೆಳಿಗ್ಗೆ ವಾಚ್‌ಮನ್ ಅದರ ಮೇಲೆ ಪೈಪಿನ ನೀರು ಬಿಟ್ಟ. ಬಿಸಿ ಸಿಮೆಂಟಿನಿಂದ ಒದ್ದೆ ಸೀಮೆಸುಣ್ಣದ ವಾಸನೆ ಎದ್ದಿತು. ಕಾರಿನ ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟೆ. ನಮ್ಮ ಫಿಸಿಕ್ಸ್ ಟೀಚರ್ ನೆನಪಾದರು...

ನಾನಾಗ ಇಲ್ಲಿಯದೇ ಒಂದು ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು. ಟೀಚರ್ ಉಡುಪಿ ಕಡೆಯವರು. ಊರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದ್ದವರು ಇಲ್ಲಿನ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿದ್ದರು. ಇಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ರೌಂಡಬೌಟಿನಲ್ಲಿ ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಇವರು ಊರಿನ ಅಭ್ಯಾಸದಂತೆ ಬಲಕ್ಕೆ ನೋಡಿ ನುಗ್ಗಿದ್ದರಂತೆ. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು. ಇವರು ಕ್ಲಾಸಿನಲ್ಲಿ ನಗುನಗುತ್ತಾ ಹೇಳಿ, ವಾರದ ಕೊನೆಯ ಪೀರಿಯಡ್ಡಿನಲ್ಲಿ ನಮಗೆ ಡ್ರೈವಿಂಗ್ ಪಾಠವನ್ನೇ ಶುರುಮಾಡಿದರು.

ಅಂಗಳದಲ್ಲಿ ಸೀಮೆಸುಣ್ಣದ ದೊಡ್ಡ ವೃತ್ತ, ಅದಕ್ಕೆ ನಾಲ್ಕು ರಸ್ತೆ. ಟಿಫಿನ್ ಡಬ್ಬಿಯ ಮುಚ್ಚಳವೇ ಸ್ಟೀರಿಂಗ್. ಹುಡುಗರಿಗೆ ಅವಮಾನವಾಯಿತು.

"ಮುಚ್ಚಳ ಎಂತಕ್ಕೆ ಮಿಸ್? ಕಾರಿನ ಕೀ ಕೊಡಿ, ತೋರಿಸ್ತೇವೆ."

"ಕೀ ತಿರುಗಿಸ್ಲಿಕ್ಕೆ ಯಾರಿಗೂ ಬರ್ತದೆ. ಮೊದಲು ಕುತ್ತಿಗೆ ತಿರುಗಿಸ್ಲಿಕ್ಕೆ ಕಲೀರಿ" ಎಂದರು ಟೀಚರ್.

ರಜೆಗೆ ಊರಿಗೆ ಹೋಗಿ ಮಾವನ ಸ್ಕೂಟರ್ ಓಡಿಸಿ ಬಂದ ಅದೇ ಶೂರರು, ಶಾಲೆ ತೆರೆದ ಮೊದಲ ವಾರ ಬಲಕ್ಕೆ ನೋಡಿ ಆ ವೃತ್ತದಲ್ಲೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಮಾತ್ರ ಅದು ಆಟವಾಗಿರಲಿಲ್ಲ. ನಮ್ಮ ಮನೆ ಹಮದ್ ಟೌನಿನಲ್ಲಿತ್ತು. ಅಪ್ಪನ ಕೆಲಸ ದೂರದ ಹಿದ್‌ನ ಬಂದರಿನಲ್ಲಿ. ಅಮ್ಮನಿಗೆ ಜ್ವರ ಬಂದರೂ ಆಸ್ಪತ್ರೆಗೆ ಹೊರಡಲು ಅಪ್ಪನ ಡ್ಯೂಟಿ ಮುಗಿಯಬೇಕಿತ್ತು. ಹೀಗೆ ಕಿಟಕಿಯ ಬಳಿ ಕೂತು ಕಾಯುವ ಹೆಂಗಸು ನಾನಾಗಬಾರದೆಂದು ನನ್ನ ಹಟ.

ವಿಷಯ ತಿಳಿದ ಅಪ್ಪ ಪೋಷಕರ ಸಭೆಯಲ್ಲಿ ಎದ್ದು ನಿಂತರು. "ಹುಡುಗಿಯರಿಗೆ ಇದೆಲ್ಲ ಎಂತಕ್ಕೆ ಮೇಡಂ? ನಾಳೆ ಇವಳು ನಂಗೂ ಗಾಡಿ ಬೇಕು ಅಂತ ಹೇಳಿದ್ರೆ?"

"ಹೇಳ್ಲಿ. ಅದಕ್ಕೇ ಕಲಿಸುವುದು."

ಬೇರೆ ಪೋಷಕರೂ ಅಪ್ಪನ ಜೊತೆ ಸೇರಿದರು. ಪಾಠ ನಿಲ್ಲಿಸಬೇಕೆಂದು ಅಪ್ಪಣೆಯಾಯಿತು. ಆದರೆ ಪೋಷಕರು ಚಾಪೆ ಕೆಳಗೆ ತೂರಿದರೆ ಟೀಚರ್ ರಂಗೋಲಿ ಕೆಳಗೆ ತೂರುವವರು. ಮರುವಾರ ಫಿಸಿಕ್ಸ್ ಪೀರಿಯಡ್ಡಿಗೇ ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಮಂಗಳೂರಿನವರೇ ಆದ ಪ್ರಿನ್ಸಿಪಾಲರು ಓಡಿ ಬಂದರು.

"ಇದೆಂತದು ಮೇಡಂ, ಪುನಃ?"

"ಸರ್ಕ್ಯುಲರ್ ಮೋಷನ್ ಸರ್. ಟೆಕ್ಸ್ಟ್ ಬುಕ್ಕಿನಲ್ಲೇ ಉಂಟು."

ಮುಚ್ಚಳ ಹಿಡಿದು ವೃತ್ತದಲ್ಲಿ ಸುತ್ತುತ್ತಿದ್ದ ನಾವು ನಗು ತಡೆದುಕೊಂಡೆವು. ಪ್ರಿನ್ಸಿಪಾಲರು ಸೀಮೆಸುಣ್ಣದ ಗೆರೆ ತುಳಿಯದಂತೆ ದಾಟಿಕೊಂಡು ಹೊರಟುಹೋದರು.

ವರ್ಷದ ಕೊನೆಗೆ ಶಾಲೆ ಟೀಚರ್ ಅವರ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ವೀಸಾ ಮುಗಿಯಿತು, ಊರಿಗೆ ಹೊರಟರು. ಕಾರಣವೇನೆಂದು ಯಾರೂ ಬಾಯಿಬಿಡಲಿಲ್ಲ... ನಮಗೆ ಗೊತ್ತಿತ್ತು. ಆ ದಿನ ಮೊದಲ ಸಲ ಅಪ್ಪನಿಗೆ ಎದುರು ಮಾತಾಡಿದೆ. "ನಾನು ಓಡಿಸಿಯೇ ಓಡಿಸ್ತೇನೆ ಅಪ್ಪ" ಎಂದೆ. ಅಪ್ಪ ಊಟ ಬಿಟ್ಟು ಎದ್ದರು. ಎದ್ದರೆ ಏಳಲಿ, ನಾನು ನನ್ನ ಬಟ್ಟಲು ಖಾಲಿ ಮಾಡಿದೆ.

ಕೆಲಸಕ್ಕೆ ಸೇರಿದ ವರ್ಷವೇ ಲೈಸೆನ್ಸ್ ತೆಗೆದುಕೊಂಡು ಉಡುಪಿಗೆ ಫೋನ್ ಮಾಡಿದೆ. "ರೌಂಡಬೌಟಿನಲ್ಲಿ ಎಲ್ಲಿಗೆ ನೋಡಿದ್ದು?" ಎಂದು ಕೇಳಿದರು. "ಎಡಕ್ಕೆ ಟೀಚರ್" ಎಂದೆ. ಟೀಚರ್ ನಕ್ಕು, "ಮೊದಲು ಅಮ್ಮನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಾ" ಎಂದರು. ಹೋಗಿ ಬಂದೆ. ಅಮ್ಮ ದಾರಿಯುದ್ದಕ್ಕೂ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದಳು.

ಟೀಚರ್ ತೀರಿಕೊಂಡದ್ದು ಹೋದ ವರ್ಷ. ನನಗೆ ರಜೆ ಸಿಗಲಿಲ್ಲ, ಕೊನೆಯ ಸಲ ಮುಖ ನೋಡಲಿಕ್ಕೂ ಆಗಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ಕಳೆದ ವಾರ ಮಗಳ ಶಾಲೆಯಲ್ಲಿ ಸಭೆಯಿತ್ತು. ಹೈಸ್ಕೂಲಿನಲ್ಲಿ ಡ್ರೈವಿಂಗ್ ಪಾಠ ಬೇಕೋ ಬೇಡವೋ ಎಂದು ಚರ್ಚೆ. ಮಕ್ಕಳು ಬೇಕೆಂದರು, ಮೇಷ್ಟ್ರುಗಳು ತಲೆ ಕೆರೆದುಕೊಂಡರು. ಒಬ್ಬ ತಂದೆ, "ಬೇಕಾದ್ರೆ ಗಂಡು ಮಕ್ಕಳಿಗೆ ಇರ್ಲಿ" ಎಂದರು. ನಾನು ಎದ್ದು ನಿಂತೆ.

"ಹೆಣ್ಣು ಮಕ್ಕಳಿಗೂ ಬೇಕು. ಕಲಿಸುವವರು ಯಾರೂ ಇಲ್ಲದಿದ್ರೆ ನಾನೇ ಬಂದು ಕಲಿಸ್ತೇನೆ. ನನ್ನನ್ನು ಊರಿಗೆ ಕಳಿಸ್ಲಿಕ್ಕೆ ನಿಮ್ಮ ಕೈಯಲ್ಲಿ ನನ್ನ ಕಾಂಟ್ರಾಕ್ಟ್ ಇಲ್ಲ."

ಹಿಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು. ಈ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಗಬೇಕಾದವರೊಬ್ಬರು ಮಾತ್ರ ಇಲ್ಲ.